ಹತ್ತು ಎಣಿಸುವ ಸಂಘಮಿತ್ರಾ

ಬುಕ್ಕಾಂಬುಧಿಯ ಸಂಘಮಿತ್ರಾ ವಿಶೇಷ ಮಕ್ಕಳ ಟೀಚರ್ ಆಗಲು ಬಿ.ಎಡ್. ಓದತೊಡಗಿದ ಮೇಲೆ ಊರಿಗೆ ಊರೇ ಅವಳ ತರಗತಿಯಾಗಿದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಮಗುವಿನ ಬಾಯಿಂದ ಉತ್ತರ ಕಿತ್ತುಕೊಳ್ಳಬಾರದು ಎಂದು ಕಾಲೇಜಿನ ಮೇಡಂ ಹೇಳಿಕೊಟ್ಟಿದ್ದೇ ತಡ, ಅವಳು ಯಾರನ್ನೂ ಬಿಡಲಿಲ್ಲ. ಕಡೂರು ಬಸ್ಸಿನ ಕಂಡಕ್ಟರನ್ನು "ಇವತ್ಯಾಕಣ್ಣ ಲೇಟು?" ಎಂದು ಕೇಳಿ ಕಣ್ಣು ಮಿಟುಕಿಸದೆ ಕಾಯುತ್ತಾಳೆ, ಆತ ಗಾಬರಿಯಾಗಿ ಪಂಕ್ಚರಿನಿಂದ ಹಿಡಿದು ಹೆಂಡತಿಯ ಜಗಳದವರೆಗೂ ಒಪ್ಪಿಸಿಬಿಡುತ್ತಾನೆ. ತರಕಾರಿಯವಳನ್ನು "ಬದನೆಕಾಯಿ ಹುಳುಕಾ?" ಎಂದು ಕೇಳಿ ಸುಮ್ಮನೆ ನಿಂತರೆ, ಏಳು ಎಣಿಸುವಷ್ಟರಲ್ಲಿ ಹುಳುಕನ್ನೆಲ್ಲ ಅವಳೇ ಆರಿಸಿ ತೆಗೆಯುತ್ತಾಳೆ. "ನಿನ್ನ ಓದು ಮುಗಿಯೋ ಹೊತ್ಗೆ ನಮ್ಗೆಲ್ಲ ಹುಚ್ಚು ಹಿಡಿತೈತೆ ಕಣೇ" ಎನ್ನುತ್ತಾಳೆ ತಾಯಿ. ಮನೆಯಲ್ಲಿ ಉಗ್ಗುವ ಅಣ್ಣನಿದ್ದಾನೆ, ಚಂದ್ರಕುಮಾರ. ಮೂವತ್ತು ವರ್ಷದಿಂದ ಅವನ ಮಾತನ್ನೆಲ್ಲ ಬೇರೆಯವರೇ ಪ್ರೀತಿಯಿಂದ ಮುಗಿಸಿಕೊಟ್ಟಿದ್ದಾರೆ. ನಿನ್ನೆ ಮಧ್ಯಾಹ್ನ ಉಣ್ಣುವಾಗ ಅವನು "ಸಾ... ಸಾರು..." ಎಂದ ಕೂಡಲೇ ತಾಯಿ ಎಂದಿನಂತೆ "ಚೆನ್ನಾಗೈತೆ ಅಂತಾನೆ" ಎನ್ನಲು ಬಾಯಿ ತೆರೆದಳು, ಸಂಘಮಿತ್ರಾ ಅವಳ ಕೈ ಅದುಮಿ ಹಿಡಿದಳು. ಹತ್ತಾಯಿತು, ಹದಿನೈದಾಯಿತು. ಇಪ್ಪತ್ತೆರಡಕ್ಕೆ ಅವನೇ ಮುಗಿಸಿದ: "ಸಾರಿಗೆ ಯಾವತ್ತೂ ಉಪ್ಪೇ ಸಾಲ್ದು ಕಣವ್ವ."