ಯಾವ ತನಾಕ?

ಕುವೈತ್ ಸಿಟಿಯ ಇಗರ್ಜಿಯಿಂದ ಹೊರಬರುವಾಗ ಯಾರಾದರೂ ಹಿಂದಿನಿಂದ "ಮಿಸೆಸ್ ಡಿಸೋಜ" ಎಂದು ಕರೆದರೆ ನಾನು ತಿರುಗಿ ನೋಡುವುದಿಲ್ಲ. ಇದು ಗರ್ವವಲ್ಲ, ಅನುಭವ. ಇಲ್ಲಿ ರಜೆಯ ದಿನವಾದ ಶುಕ್ರವಾರದ ಪೂಜೆಗೆ ಬರುವ ಮಂಗಳೂರಿನವರಲ್ಲಿ ಡಿಸೋಜರೆಲ್ಲ ತಿರುಗಿದರೆ ಬಾಗಿಲಲ್ಲಿ ಜಾಮ್ ಆಗುತ್ತದೆ. ನಮ್ಮಲ್ಲಿ ಸಂಬಂಧದ ಮಾತು ಬಂದಾಗ, ಹುಡುಗ ಏನು ಓದಿದ್ದಾನೆ ಎನ್ನುವುದಕ್ಕೂ ಮೊದಲು "ಯಾವ ಡಿಸೋಜ?" ಎಂದು ಕೇಳುವುದು ಇದಕ್ಕೇ. ಆಗ ಮನೆಯ ಹೆಸರು ಹೇಳಬೇಕು. ನಾವು ಗದ್ದೆಬದಿಯವರು.

ಹೀಗಿರುವಾಗ ಮಗಳು ರೆನಿಟಾ, ಇಲ್ಲೇ ಶರ್ಕ್ ಬಡಾವಣೆಯ ತನ್ನ ಆಫೀಸಿನಲ್ಲೇ ಇರುವ ಜಪಾನಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಕುಲನಾಮ ತನಾಕ. ನನ್ನ ಗಂಡ ರಿಮೋಟ್ ತೆಗೆದುಕೊಂಡು ಎ.ಸಿ.ಯನ್ನು ಇನ್ನಷ್ಟು ತಣ್ಣಗೆ ಮಾಡಿದರು. ಅವರ ಅಭಿಪ್ರಾಯ ಅಷ್ಟೇ. ತೀರ್ಮಾನ ಮಂಗಳೂರಿನಲ್ಲಿ ಮೈದುನನ ಜೊತೆಗಿರುವ, ನಾವೆಲ್ಲ ಮಾಂಯ್ ಎನ್ನುವ ನನ್ನ ಅತ್ತೆಯದು. ಮಾಂಯ್ ಒಪ್ಪದೆ ಮದುವೆಯಿಲ್ಲ ಎಂದು ಹಟ ಹಿಡಿದವಳು ಮಗಳೇ. ಮಾಂಯ್ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು.

ಹುಡುಗ ಚಹಾಕ್ಕೆ ಬಂದ. ತನ್ನ ಶೂಗಳನ್ನು ಬಾಗಿಲಿಗೆ ಮುಖ ಮಾಡಿ ಇಟ್ಟ; ನನ್ನ ಗಂಡನ ಚಪ್ಪಲಿಗಳನ್ನೂ ಹಾಗೆಯೇ ತಿರುಗಿಸಿಟ್ಟ. ಅತಿಥಿಯನ್ನು ಪ್ರಶ್ನೆ ಮಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಆದರೂ ಕೇಳಿಬಿಟ್ಟೆ, ಯಾವ ತನಾಕ ಎಂದು. "ಮಮ್ಮಿ, ಪ್ಲೀಸ್" ಎಂದಳು ಮಗಳು.

ಹುಡುಗನಿಗೆ ಆಶ್ಚರ್ಯವೇ ಆಗಲಿಲ್ಲ. ತನಾಕ ಎಂದರೆ ಗದ್ದೆಯ ನಡುವೆ ಎಂದರ್ಥವಂತೆ. ಜಪಾನಿನಲ್ಲಿ ತನಾಕರು ನಮ್ಮ ಇಗರ್ಜಿಯ ಡಿಸೋಜರ ಹಾಗೆ, ಎಲ್ಲಿ ನೋಡಿದರೂ ಇದ್ದಾರಂತೆ. ಹಿಂದೆ ಅಲ್ಲಿನ ಸರ್ಕಾರ ಎಲ್ಲರೂ ಕುಲನಾಮ ಇಟ್ಟುಕೊಳ್ಳಬೇಕೆಂದಾಗ, ರೈತರಲ್ಲಿ ಎಷ್ಟೋ ಮಂದಿ ಹೊರಗೆ ನೋಡಿ ಕಂಡದ್ದನ್ನು ಬರೆಸಿದರು. ನಮಗೆ ಆ ತೊಂದರೆಯೂ ಇರಲಿಲ್ಲ. ಜ್ಞಾನಸ್ನಾನ ಕೊಟ್ಟ ಪಾದ್ರಿಗಳೇ ಪೋರ್ಚುಗಲ್ಲಿನ ಹೆಸರು ಕೊಟ್ಟು ಹೋದರು. ಇವನ ಅಜ್ಜನ ಹಳ್ಳಿಯಲ್ಲಿ ಎಲ್ಲರೂ ತನಾಕರೇ ಆದ್ದರಿಂದ ಪ್ರತಿ ಮನೆಗೂ ಬೇರೆ ಹೆಸರಿದೆ. ಇವರದು ಬಾವಿಯ ಮೇಲಿನವರ ಮನೆ. ನಾನು ಅವನ ತಟ್ಟೆಗೆ ಇನ್ನೊಂದು ಕಟ್ಲೆಟ್ ಹಾಕಿದೆ.

ಕೂಡಲೇ ಮಾಂಯ್‌ಗೆ ಫೋನ್ ಮಾಡಿ ಎಲ್ಲ ವರದಿ ಒಪ್ಪಿಸಿದೆ.

"ಗದ್ದೆಯ ನಡುವೆ ಮನೆಯಾ? ಮಳೆಗಾಲದಲ್ಲಿ ಇಗರ್ಜಿಗೆ ಹೇಗೆ ಹೋಗ್ತಿದ್ರು?"

ಮಳೆಗಾಲದಲ್ಲಿ ಹೋಗುತ್ತಿರಲಿಲ್ಲ ಎಂದೆ. ಸುಳ್ಳಲ್ಲ.

"ಬೇಸಿಗೆಯಲ್ಲೂ ಹೋಗಿರ್ಲಿಕ್ಕಿಲ್ಲ" ಎಂದರು ಮಾಂಯ್. ಮಗಳು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆಚೆಯಿಂದ ಇನ್ನೊಂದು ಪ್ರಶ್ನೆ ಬಂತು: "ಆ ಗದ್ದೆ ಈಗ ಉಂಟಾ?"

ಹುಡುಗನನ್ನು ಕೇಳಿದೆ. ಅವನು ಫೋನಿಗೆ ತಲೆಬಾಗಿ, ಅಪ್ಪ ಮಾರಿದರು, ಈಗ ಅಲ್ಲಿ ಕಾರು ನಿಲ್ಲಿಸುವ ಜಾಗ ಎಂದ. ಅದನ್ನೂ ಹೇಳಿದೆ. ನಮ್ಮ ಗದ್ದೆಬದಿಯ ಗದ್ದೆಯ ಮೇಲೆ ಈಗ ಫ್ಲಾಟುಗಳಿವೆ. ಮಾಂಯ್ ಮಾತಾಡುತ್ತಿದ್ದದ್ದು ಅದರಲ್ಲೊಂದರ ಬಾಲ್ಕನಿಯಿಂದ.

"ಪಾಪ, ಅವರದ್ದೂ ಹೋಯ್ತಾ" ಎಂದರು. "ರೋಸಿನ ದಿನ ಹುಡುಗನ ತಲೆಗೆ ತೆಂಗಿನ ಹಾಲು ಹಾಕುವುದುಂಟು ಅಂತ ಅವನ ಅಮ್ಮನಿಗೆ ಮೊದಲೇ ಹೇಳು. ಹೆದರಿಯಾಳು."

ಮಾತು ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೇ ಬಂತೆಂದರೆ ಒಪ್ಪಿದರೆಂದೇ ಅರ್ಥ. ಮಗಳು ಸೆರಗು ಬಿಟ್ಟಳು. ಗಂಡ ಎ.ಸಿ. ಆರಿಸಿದರು.

ಹುಡುಗ ಊಟಕ್ಕೂ ನಿಂತ. ಗದ್ದೆಬದಿಯವರೂ ಗದ್ದೆನಡುವಿನವರೂ ಒಟ್ಟಿಗೆ ಕೂತು, ಜಮಿಯಾ ಎನ್ನುವ ಇಲ್ಲಿನ ಸಹಕಾರಿ ಅಂಗಡಿಯಿಂದ ತಂದ ಪಾಕಿಸ್ತಾನದ ಅಕ್ಕಿಯ ಅನ್ನ ಉಂಡೆವು.