ಫಾದರ್ ಆಲ್ಬನ್ ಅವರಿಗೆ ಕಚ್ಚಿದ ಹಾವು

2007ರಲ್ಲಿ ನಾನು ಮುಂಬೈ ಬಳಿಯ ಅಂಬರನಾಥದ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದೆ. ಧಾರವಾಡ ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಕಾರ್ಖಾನೆಯಲ್ಲಿ ಬೆರಳು ಜಜ್ಜಿಸಿಕೊಂಡವರು ನಮ್ಮ ನಿತ್ಯದ ರೋಗಿಗಳು. ಮಳೆಗಾಲದಲ್ಲಿ ಗುಡ್ಡದ ಕಡೆಯಿಂದ ಹಾವು ಕಚ್ಚಿದವರೂ ಬರುತ್ತಿದ್ದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ರಿಕ್ಷಾದಿಂದ ಇಳಿದವರು ಫಾದರ್ ಆಲ್ಬನ್. ಮಂಗಳೂರು ಕಡೆಯವರು, ಕಲ್ಯಾಣದ ಚರ್ಚಿನಲ್ಲಿದ್ದ ಎಪ್ಪತ್ತರ ಪಾದ್ರಿ. ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಕಪ್ಪೆ, ಹಾವುಗಳನ್ನು ಹುಡುಕುತ್ತ ಅರುಣಾಚಲದ ಕಾಡು, ನಿಕೋಬಾರಿನ ದ್ವೀಪ ಸುತ್ತಿದವರು. ವಿಷದ ಹಾವುಗಳ ಬಗ್ಗೆ ನಮ್ಮ ಸಿಬ್ಬಂದಿಗೆ ಪಾಠ ಹೇಳಿದವರೂ ಅವರೇ. ಅಂದು ಕಪ್ಪೆಗಾಗಿ ಕಲ್ಲೊಂದನ್ನು ಎತ್ತುವಾಗ ತೋರುಬೆರಳಿಗೆ ಹಾವು ಕಚ್ಚಿತ್ತು. ಕೈ ಮೊಣಕೈವರೆಗೆ ಊದಿತ್ತು.

ನಾನು ಆ್ಯಂಟಿವೆನಮ್, ಅಂದರೆ ವಿಷ ಇಳಿಸುವ ಸೀರಮ್ ತರಿಸಿದೆ. ಅವರು ಕೈ ಅಡ್ಡ ಹಿಡಿದರು.

“ಅದು ಹಸಿರು ಮಂಡಲ, ಡಾಕ್ಟ್ರೆ. ನಿಮ್ಮ ಸೀರಮ್ ಅದಕ್ಕೆ ತಾಗುವುದಿಲ್ಲ. ನನಗೆ ತಾಗುತ್ತದೆ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಸೀರಮ್ ನಾಲ್ಕು ಜಾತಿಯ ಹಾವುಗಳಿಗೆ ಮಾತ್ರ. ಹಸಿರು ಮಂಡಲ ಅದರಲ್ಲಿಲ್ಲ. ಹಿಂದೊಮ್ಮೆ ಸೀರಮ್ ತೆಗೆದುಕೊಂಡಾಗ ಅಲರ್ಜಿಯಾಗಿ ಅವರು ಉಸಿರುಗಟ್ಟಿ ಸಾಯುವುದರಲ್ಲಿದ್ದರಂತೆ.

ಅಂಥ ಪಂಡಿತರೆದುರು ನನ್ನದೇನು ಮಾತು? ಆದರೂ ನಿಯಮದಂತೆ ಎರಡು ಎಂಎಲ್ ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟೆವು. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಗಟ್ಟಿಯಾಗಬೇಕು. ನರ್ಸ್ ಸುನಂದಾ ನಳಿಕೆಯನ್ನು ಓರೆ ಮಾಡಿದಳು. ರಕ್ತ ನೀರಿನಂತೆ ಜಾರಿತು. ಅಷ್ಟು ಹೊತ್ತಿಗೆ ಫಾದರ್ ಅವರ ವಸಡಿನಲ್ಲೂ ರಕ್ತ ಜಿನುಗತೊಡಗಿತ್ತು.

ಹಸಿರು ಮಂಡಲವೂ ಅಪರೂಪಕ್ಕೆ ಹೀಗೆ ಮಾಡುತ್ತದೆ, ಕಾಯೋಣ ಎಂದರು ಅವರು. ನನಗೆ ಕಲ್ಲಿನಡಿ ಅಡಗುವ ಗರಗಸ ಮಂಡಲದ ಅನುಮಾನ; ಸೀರಮ್ ತಾಗುವ ಆ ನಾಲ್ಕರಲ್ಲಿ ಅದೂ ಒಂದು. ಅದಾಗಿದ್ದರೆ ಕಾಯುವ ಒಂದೊಂದು ನಿಮಿಷವೂ ಮಿದುಳಿನ ರಕ್ತಸ್ರಾವಕ್ಕೆ ದಾರಿ. ನನ್ನ ಊಹೆ ತಪ್ಪಿದ್ದರೆ ಅವರು ಸಾಯುವುದು ನನ್ನ ಕೈಯಿಂದ.

ನಾನು ಕುರ್ಚಿ ಎಳೆದು ಹತ್ತಿರ ಕೂತೆ. “ಫಾದರ್, ಅದು ಕಚ್ಚಿದ್ದನ್ನ ನೀವು ಕಣ್ಣಾರೆ ನೋಡೀರೇನು?”

ಅವರು ಕಣ್ಣು ಮುಚ್ಚಿದರು.

“ಹಸಿರು ಬಾಲ ಪೊದೆಗೆ ಹೋದದ್ದು ಕಂಡೆ. ಕಚ್ಚಿದ್ದನ್ನು ಕಾಣಲಿಲ್ಲ. ನನ್ನ ಮಾತು ಬಿಡಿ. ಕೊಡಿ.”

ಸೀರಮ್ ಹನಿಹನಿಯಾಗಿ ಇಳಿಸಿದೆವು. ಎಂಟನೆಯ ನಿಮಿಷಕ್ಕೆ ಮೈಯೆಲ್ಲ ದದ್ದು, ಗಂಟಲಿನಲ್ಲಿ ಸೀಟಿಯಂಥ ಸದ್ದು, ಬಿಪಿ ಕುಸಿತ. ಡ್ರಿಪ್ ನಿಲ್ಲಿಸಿ ತೊಡೆಗೆ ಅಡ್ರಿನಲಿನ್ ಚುಚ್ಚಿದೆ. ಉಸಿರು ತಿರುಗಿದ ಮೇಲೆ, ಅದೇ ಸೀರಮನ್ನು ಮತ್ತೆ ಶುರು ಮಾಡಬೇಕಾಯಿತು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಕಷ್ಟದಿಂದ ಇನ್ನಾವ ಡ್ರಿಪ್ಪನ್ನೂ ತೆರೆದಿಲ್ಲ. ಫಾದರ್ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದರು. ಎಡಗೈ ಬೆರಳು ಮಾತ್ರ ತಮ್ಮ ನಾಡಿಯನ್ನು ಎಣಿಸುತ್ತಿತ್ತು.

ಸಂಜೆ ಆರರ ಪರೀಕ್ಷೆಯಲ್ಲಿ ರಕ್ತ ಗಟ್ಟಿಯಾಗಿ ನಳಿಕೆಗೆ ಅಂಟಿಕೊಂಡಿತು. ಸುನಂದಾ ಗೋಡೆಗೆ ಒರಗಿ ಅತ್ತಳು.

ಬೆರಳಿನ ತುದಿ ಉಳಿಯಲಿಲ್ಲ. ಎರಡು ತಿಂಗಳ ನಂತರ ಫಾದರ್ ಅದೇ ಜಾಗಕ್ಕೆ ಹೋಗಿ ಕಲ್ಲುಗಳ ಅಡಿಯಲ್ಲಿ ಗರಗಸ ಮಂಡಲಗಳನ್ನು ಕಂಡು ಬಂದರು. ಆಮೇಲೆ ತಾವಾಗಿಯೇ ಕೇಳಿಕೊಂಡು ನಮ್ಮ ಸಿಬ್ಬಂದಿಗೆ ಮತ್ತೊಮ್ಮೆ ಪಾಠ ಮಾಡಿದರು. ವಿಷಯ, ಅವರದೇ ತಪ್ಪು.

ರೋಗಿ ಎಷ್ಟೇ ಬಲ್ಲವರಾಗಿರಲಿ, ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಕೇಳುವುದನ್ನು ಅಂದು ಕಲಿತೆ. ಹಾಗೆ ಕೇಳಿದಾಗ ಫಾದರ್ ಅವರಂತೆ ಉತ್ತರಿಸುವವರು ಮಾತ್ರ ನನಗೆ ಬಹಳ ಮಂದಿ ಸಿಗಲಿಲ್ಲ.