ಕುಸಿತವಲ್ಲ, ಕುಸ್ತಿ

ಬೆಳಗಿನ ಆರೂ ಮುಕ್ಕಾಲು. ಶಾಲೆಯ ದೊಡ್ಡ ಗೇಟಿಗೆ ಇನ್ನೂ ಬೀಗ. ಹಿಂಬದಿಯ ಸಣ್ಣ ಬಾಗಿಲಿನಿಂದ ಏಳು ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾ ಒಳಗೆ ಬರುತ್ತಾರೆ. ಮುರಿದ ಬೆಂಚು, ಹರಿದ ಭೂಪಟ, ಒಣಗಿಹೋದ ಬಣ್ಣದ ಡಬ್ಬಗಳನ್ನು ತುಂಬಿಟ್ಟ ಸಾಮಾನು ಕೋಣೆಯಲ್ಲಿ ಅರ್ಧ ಜಾಗ ತೆರವು ಮಾಡಿ ಟೀಚರ್ ಚಾಪೆ ಹಾಸಿದ್ದಾರೆ. ಕೂತ ಕೂಡಲೇ ಕೆಲಸ.

ಈ ತಿಂಗಳಷ್ಟೇ ಸೇರಿದ ಮೂರನೇ ತರಗತಿಯ ಹುಡುಗಿಯ ಕೈಯಲ್ಲಿ ಒಂದು ಚೀಟಿ. "ಅವರು ಕು... ಸಿ... ಕುಸಿತ ಆಡಿದರು" ಎಂದು ಓದುತ್ತಾಳೆ. ಏನೋ ಎಡವಟ್ಟಾಗಿದೆ ಎಂದು ಅವಳಿಗೂ ಗೊತ್ತು. ಸೂರು ನೋಡುತ್ತಾಳೆ, ಆಮೇಲೆ ಟೀಚರ್ ಮುಖ ನೋಡುತ್ತಾಳೆ.

"ನನ್ನ ಮುಖದಲ್ಲಿ ಏನೂ ಬರೆದಿಲ್ಲ ಪುಟ್ಟಿ. ಚೀಟಿ ನೋಡು. ಗುಡಿಸು ಎಲ್ಲಿದೆ?"

"ಸ ಮೇಲೆ."

"ಕಣ್ಣಿಗೆ ಕಾಣೋದು ಸ ಮೇಲೆ. ಬಾಯಲ್ಲಿ ಯಾವಾಗ ಬರುತ್ತೆ?"

ಪಕ್ಕದಲ್ಲಿ ಕೂತ ಐದನೇ ತರಗತಿಯ ಹುಡುಗಿಗೆ ಉತ್ತರ ಹೇಳಿಬಿಡುವ ತವಕ. ಟೀಚರ್ ಕಣ್ಣಲ್ಲೇ ಅವಳನ್ನು ಸುಮ್ಮನಾಗಿಸುತ್ತಾರೆ. ಚಿಕ್ಕವಳು ರಟ್ಟಿನ ಮೂರು ತುಂಡುಗಳನ್ನು ನೆಲದ ಮೇಲೆ ಸರಿಸುತ್ತಾಳೆ: ಸ್, ತ್, ಇ. ಬೆರಳಿಟ್ಟು ಒಂದೊಂದೇ ಸದ್ದು ಹೊರಡಿಸುತ್ತಾಳೆ. "ಸ್... ತ್... ಇ. ಸ್ತಿ. ಕುಸ್ತಿ!" ತಕ್ಷಣ ಇನ್ನೂ ಮೂರು ಚೀಟಿ ಬರುತ್ತವೆ. ಆಸ್ತಿ, ಜಾಸ್ತಿ, ದೋಸ್ತಿ. ಮೂರೂ ಸರಿ. ಹೊಗಳಿಕೆ ಇಲ್ಲ, ಚಪ್ಪಾಳೆ ಇಲ್ಲ. ಟೀಚರ್ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಮುಂದಿನ ಮಗುವಿನ ಕಡೆ ತಿರುಗುತ್ತಾರೆ.

ಐವತ್ಮೂರು ವರ್ಷದ ಈ ಹೆಂಗಸು ಮೂವತ್ತೊಂದು ವರ್ಷದಿಂದ ಇದೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಿನಕ್ಕೆ ನಲವತ್ತು ನಿಮಿಷ, ವಾರಕ್ಕೆ ಐದು ದಿನ, ಗಂಟೆ ಹೊಡೆಯುವ ಮೊದಲೇ ಈ ಪಾಠ. ಯಾರೂ ಇದನ್ನು ಅವರ ಕೆಲಸ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಹೋದ್ಯೋಗಿಗಳು ಈ ಕೋಣೆಯನ್ನು 'ರಿಪೇರಿ ಅಂಗಡಿ' ಎಂದು ಕರೆದು ನಗುತ್ತಾರೆ. ಟೀಚರ್ ನಗುವುದಿಲ್ಲ. "ಕೆಟ್ಟಿದ್ದು ಮಕ್ಕಳಲ್ಲ ಕಣ್ರೀ. ರಿಪೇರಿ ಆಗಬೇಕಾದದ್ದು ನಾವು."

ಅವರ ಸಿಟ್ಟು ಮೊದಲು ಅವರ ಮೇಲೆಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಸಿಕ್ಕ ತರಬೇತಿ ಹೇಳಿದ್ದು ಇಷ್ಟು: ಇಡೀ ಪದ ತೋರಿಸಿ, ಪಕ್ಕದಲ್ಲಿ ಚಿತ್ರ ತೋರಿಸಿ, ಊಹಿಸಲು ಬಿಡಿ, ಮಾತು ಬಂದ ಹಾಗೆ ಓದೂ ತಾನಾಗಿ ಬರುತ್ತದೆ. ಬಹಳ ಮಕ್ಕಳಿಗೆ ಹೇಗೋ ಬಂತು. ಬಾರದವರು ಪಾಠವನ್ನು ಬಾಯಿಪಾಠ ಮಾಡಿ, ಪುಸ್ತಕ ತಲೆಕೆಳಗಾಗಿ ಹಿಡಿದರೂ ಗಡಗಡ ಒಪ್ಪಿಸಿದರು. ಅದೂ ಆಗದವರು ಕೊನೆಯ ಬೆಂಚಿಗೆ ಹೋದರು. "ಹೊಡೆದಿದ್ದೀನಿ. ಸ್ಕೇಲಲ್ಲಿ, ಬೆರಳ ಗಂಟಿನ ಮೇಲೆ. ಸೋಮಾರಿಗಳು ಅಂದ್ಕೊಂಡಿದ್ದೆ" ಎನ್ನುತ್ತಾರೆ. ದನಿ ತಗ್ಗಿಸುವುದಿಲ್ಲ.

ಮೂರು ವರ್ಷದ ಹಿಂದೆ, ಜ್ವರ ಬಂದ ಇನ್ನೊಬ್ಬ ಶಿಕ್ಷಕಿಯ ಬದಲಿಗೆ ಇವರನ್ನು ಐದು ದಿನದ ತರಬೇತಿಗೆ ಕಳಿಸಿದರು. ಪಾಠ ಮಾಡಿದ್ದು ಆಸ್ಪತ್ರೆಯಲ್ಲಿ ಮಕ್ಕಳ ಮಾತಿನ ತೊಂದರೆ ನೋಡುವ ಒಬ್ಬ ತಜ್ಞೆ. ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯಲ್ಲ. ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವಲ್ಲಿ ಮೆದುಳಿಗೆ ಆಗುವ ತೊಡಕು, ಎಷ್ಟೋ ಸಲ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವಂಥದ್ದು ಎಂದು ಆಕೆ ವಿವರಿಸಿದರು. ಒಂದೊಂದು ಸದ್ದನ್ನೂ ಬಾಯಿಬಿಟ್ಟು ಹೇಳಿಕೊಟ್ಟು, ಸುಲಭದಿಂದ ಕಷ್ಟಕ್ಕೆ ಹಂತಹಂತವಾಗಿ ಹೋಗಿ, ಕಲಿತದ್ದನ್ನು ದಿನವೂ ಮರಳಿ ಓದಿಸಿದರೆ ಇಂಥ ಮಕ್ಕಳೂ ಓದುತ್ತಾರೆ ಎಂದರು. ಮೊದಲ ದಿನ ಟೀಚರ್ ವಾದಕ್ಕಿಳಿದರು. ಎರಡನೇ ದಿನ ಊಟ ಸೇರಲಿಲ್ಲ.

"ಇದು ಯಾವಾಗಿಂದ ಗೊತ್ತು ಅಂತ ಕೇಳಿದೆ. ದಶಕಗಳಿಂದ ಗೊತ್ತು, ಪರೀಕ್ಷೆ ಮಾಡಿ ನೋಡಿದ್ದಾರೆ ಅಂದ್ರು. ಹಾಗಾದ್ರೆ ನನಗ್ಯಾಕೆ ಯಾರೂ ಹೇಳಲಿಲ್ಲ? ಪುಸ್ತಕದ ಮುಖಪುಟಕ್ಕೆ ಯಾವ ಬಣ್ಣದ ಹಾಳೆ ಹಾಕಬೇಕು ಅಂತ ವರ್ಷಕ್ಕೆ ಎರಡು ಸುತ್ತೋಲೆ ಬರುತ್ತೆ. ಇದಕ್ಕೆ ಒಂದು ಚೀಟಿ ಬರಲಿಲ್ವಲ್ಲ!"

ಕಳೆದ ವರ್ಷ ಅವರ ನಾಲ್ಕನೇ ತರಗತಿಗೆ ಒಬ್ಬಳು ಹುಡುಗಿ ಸೇರಿದಳು. ಇವತ್ತು ಉತ್ತರ ಹೇಳಲು ತವಕಿಸಿದವಳು ಅವಳೇ. ಶಾಲೆಗೆ ಸೇರಿಸಲು ಬಂದ ಅಪ್ಪ ಅರ್ಜಿ ತುಂಬಲಿಲ್ಲ, ಕನ್ನಡಕ ಮರೆತು ಬಂದೆ ಎಂದ. ಮೂವತ್ನಾಲ್ಕರ ವಯಸ್ಸಿಗೆ ಎಂಥ ಕನ್ನಡಕ ಎಂದು ಟೀಚರ್ ತಲೆಯೆತ್ತಿ ನೋಡಿದರು. ತಮ್ಮದೇ ಹಳೆಯ ವಿದ್ಯಾರ್ಥಿಯ ಗುರುತು ಸಿಕ್ಕಿತು. ಅವನಿಗೂ ಸಿಕ್ಕಿತು.

"ನೀವಾ? ಬೇರೆ ಸೆಕ್ಷನ್ ಇಲ್ವಾ?" ಎಂದನಂತೆ.

ಅವನು ಬೇಕರಿಯಲ್ಲಿ ಬ್ರೆಡ್ ಮಾಡುವವನು. ಮಾರನೇ ದಿನ ಬೆಳಕು ಹರಿಯುವ ಮೊದಲೇ ಟೀಚರ್ ಅಲ್ಲಿಗೆ ಹೋದರು. ಹಿಟ್ಟು ನಾದುವ ಮೇಜಿನ ಸುತ್ತ ನಾಲ್ಕು ಜನ. "ಕಲ್ಲಣ್ಣ, ಯಾರೋ ಬಂದಿದ್ದಾರೆ ನೋಡು" ಎಂದು ಒಬ್ಬ ಕೂಗಿದ. ಕಲ್ಲು ಎಂದು ಆ ಹುಡುಗನಿಗೆ ಹೆಸರಿಟ್ಟವರು ಟೀಚರೇ, ಇಪ್ಪತ್ನಾಲ್ಕು ವರ್ಷದ ಹಿಂದೆ, ತುಂಬಿದ ತರಗತಿಯಲ್ಲಿ. ಹೆಸರು ಶಾಲೆಯಿಂದ ಬೀದಿಗೆ, ಬೀದಿಯಿಂದ ಬೇಕರಿಗೆ ಬಂದಿತ್ತು. ಕರೆಯುವವರಿಗೆ ಅದೆಲ್ಲಿಂದ ಬಂತೆಂದು ಗೊತ್ತಿರಲಿಲ್ಲ.

ಅವರು ಎಲ್ಲರ ಎದುರೇ ಕ್ಷಮೆ ಕೇಳಿದರು. ಅವನು ನಾದುವುದನ್ನು ನಿಲ್ಲಿಸಲಿಲ್ಲ. "ಕ್ಷಮೆ ನೀವೇ ಇಟ್ಕೊಳ್ಳಿ ಟೀಚರ್. ನನ್ನ ಮಗಳೂ ನನ್ನ ಥರಾನೇ. ಅವಳಿಗೆ ಓದೋಕೆ ಕಲಿಸಿ. ಆಗಲ್ಲ ಅಂದ್ರೆ ಇಲ್ಲಿಗೆ ಮತ್ತೆ ಬರಬೇಡಿ."

ಸಾಮಾನು ಕೋಣೆಯ ಪಾಠ ಶುರುವಾದದ್ದು ಹಾಗೆ. ಹುಡುಗಿ ಮೊದಲ ವಾರ ನಿಮಿಷಕ್ಕೆ ಒಂಬತ್ತು ಪದ ಓದಿದಳು, ಅದರಲ್ಲಿ ಐದು ತಪ್ಪು. ಆರು ತಿಂಗಳಿಗೆ ಇಪ್ಪತ್ತಾರು ಪದಕ್ಕೆ ಬಂದಳು. ಅಷ್ಟರಲ್ಲಿ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಕ್, ಇ, ಕಿ ಎನ್ನುತ್ತಿರುವುದನ್ನು ಕಂಡು ಕೆಂಡವಾದರು. ಶಾಲೆಯ ಮರ್ಯಾದೆ ಏನಾಯಿತು ಎಂದರು. ಅವರ ಕೈಲಿದ್ದ ಪಟ್ಟಿಯಲ್ಲಿ ಗೋಡೆಯ ಚಿತ್ರಗಳಿಗೊಂದು ಸಾಲು, ಕಸದ ಬುಟ್ಟಿಗೊಂದು ಸಾಲು ಇತ್ತು. ಮಕ್ಕಳಿಗೆ ಓದಲು ಬರುತ್ತದೆಯೇ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಇದನ್ನು ಬರೆಯುವ ಮೊದಲು ನಾನು ಆ ಪಟ್ಟಿಯ ಪ್ರತಿಯನ್ನು ಕೇಳಿ ಪಡೆದು ಎರಡು ಸಲ ಓದಿದ್ದೇನೆ. ನಿಜಕ್ಕೂ ಇಲ್ಲ.

ವಾರದೊಳಗೆ ನೋಟಿಸು ಬಂತು, ಕೋಣೆಯ ಕೀಲಿಕೈ ಹೋಯಿತು. ಟೀಚರ್ ಮಕ್ಕಳನ್ನು ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ಕೂರಿಸಿಕೊಂಡರು. ಹನ್ನೊಂದು ವಾರ ಅಲ್ಲೇ ಓದಿಸಿದರು. ಆಗ ಪೋಷಕರ ಸಭೆ ಕರೆದ ಮುಖ್ಯ ಶಿಕ್ಷಕರು ಒಂದು ಹಾಳೆ ಹಂಚಿ, "ಓದಿಕೊಂಡು ಸಹಿ ಹಾಕಿ, ಬೇಗ ಮುಗಿಸೋಣ" ಎಂದರು. ಬೇಕರಿಯಿಂದ ನೇರ ಬಂದಿದ್ದವನು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಎದ್ದು ನಿಂತ.

"ನನಗೆ ಓದೋಕೆ ಬರಲ್ಲ ಸಾರ್. ನನ್ನ ಮಗಳು ಓದಲಿ. ಜೋರಾಗಿ ಓದು ಮಗಾ."

ಹುಡುಗಿ ಹಾಳೆಯ ಮೇಲೆ ಬೆರಳಿಟ್ಟಳು. "ತರಗತಿಯ... ಮಟ್ಟಕ್ಕೆ... ತಕ್ಕುದಲ್ಲದ... ಬೋಧನೆಯನ್ನು..." ಒಂದು ಪ್ಯಾರಾಕ್ಕೆ ನಾಲ್ಕು ನಿಮಿಷ ಬೇಕಾಯಿತು. ಯಾರೋ ಕೆಮ್ಮಿದರು, ಯಾರೋ ಗಡಿಯಾರ ನೋಡಿದರು, ಅವಳು ನಿಲ್ಲಿಸಲಿಲ್ಲ. ಕೊನೆಯ ಪದಕ್ಕೆ ಬಂದು ತಡೆದಳು. ಬೆರಳನ್ನು ಹಿಂದಕ್ಕೆ ತಂದಳು. "ಸ್... ಥ... ಸ್ಥ. ಸ್ಥಗಿತ... ಗೊಳಿಸ... ಲಾಗಿದೆ. ಸ್ಥಗಿತಗೊಳಿಸಲಾಗಿದೆ." ಆಮೇಲೆ ತಿರುಗಿ, "ಹಾಗಂದ್ರೆ ಏನಪ್ಪಾ?" ಎಂದಳು.

"ನಿನಗೆ ಓದೋಕೆ ಕಲಿಸೋದನ್ನ ನಿಲ್ಲಿಸಿದ್ದಾರೆ ಅಂತ" ಎಂದ ಅಪ್ಪ.

ಆ ಹಾಳೆಗೆ ಒಬ್ಬರೂ ಸಹಿ ಹಾಕಲಿಲ್ಲ. ಮಾರನೇ ಬೆಳಿಗ್ಗೆ ಕೀಲಿಕೈ ಟೀಚರ್ ಮೇಜಿನ ಮೇಲಿತ್ತು. ಇಟ್ಟವರು ತಾವೇ ಎಂದು ಮುಖ್ಯ ಶಿಕ್ಷಕರು ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ನೋಟಿಸನ್ನು ಹಿಂತೆಗೆದುಕೊಂಡೂ ಇಲ್ಲ. ನಾಲ್ಕು ತಿಂಗಳಾಯಿತು. ಆದೇಶದ ಪ್ರಕಾರ ನೋಡಿದರೆ, ಇವತ್ತು ಆ ಪುಟ್ಟ ಹುಡುಗಿ ಕುಸ್ತಿ ಎಂದು ಸರಿಯಾಗಿ ಓದಿದ್ದು ಅಪರಾಧವೇ!

ಇದೇನೂ ಮಾಯಾಮಂತ್ರವಲ್ಲ ಎಂಬುದನ್ನು ಮೊದಲು ಹೇಳುವವರೂ ಟೀಚರೇ. ಏಳರಲ್ಲಿ ಇಬ್ಬರು ಇನ್ನೂ ಹದಿನೈದು ಪದ ದಾಟಿಲ್ಲ. ಒಬ್ಬನಿಗೆ ಒಂದು ಒತ್ತಕ್ಷರ ಕೂರಲು ಇನ್ನೂರು ಸಲ ಬೇಕು. "ಇನ್ನೂರು ಸಲ ಬೇಕಾದ್ರೆ ಇನ್ನೂರು ಸಲ. ನನಗೇನು ರೈಲು ಹಿಡಿಯೋದಿದ್ಯಾ?" ಬೇಕರಿಯವನ ಮಗಳು ಈಗ ನಲವತ್ತೊಂದು ಪದ ಓದುತ್ತಾಳೆ. ಕಾಗುಣಿತ ಇನ್ನೂ ತಪ್ಪುತ್ತಾಳೆ, ಬಹುಶಃ ಮುಂದೆಯೂ ತಪ್ಪುತ್ತಾಳೆ. ಆದರೆ ಊಹಿಸುವುದಿಲ್ಲ.

ಬೇಕರಿಗೆ ರಜೆ ಇರುವ ಸೋಮವಾರ ಸಂಜೆ ಅವಳಪ್ಪ ಟೀಚರ್ ಮನೆಯ ಅಡುಗೆಮನೆಯಲ್ಲಿ ಕೂತು ತಾನೂ ಓದುತ್ತಾನೆ. ಮೊದಲ ಸಲ ಪೂರ್ತಿ ಒಂದು ಪುಟ ಓದಿದ ದಿನ ಅವನು ಹಿಗ್ಗಲಿಲ್ಲ, ಪುಸ್ತಕ ಮುಚ್ಚಿ ಗೋಡೆ ನೋಡುತ್ತಾ ಕೂತನಂತೆ. "ಖುಷಿ ಆಗಲಿಲ್ಲ, ಸಿಟ್ಟು ಬಂತು" ಎಂದು ನನ್ನೆದುರು ಹೇಳುತ್ತಾನೆ. "ಇಷ್ಟೇನಾ? ಇಷ್ಟಕ್ಕೇನಾ ನನ್ನ ಅಷ್ಟು ವರ್ಷ ಹೊಡೆದಿದ್ದು ಅನ್ನಿಸ್ತು. ಟೀಚರನ್ನ ಕ್ಷಮಿಸಿದ್ದೀನಾ ಅಂತ ಕೇಳಬೇಡಿ. ಸೋಮವಾರ ಬರ್ತೀನಿ, ಅಷ್ಟೆ." ಬೇಕರಿಯಲ್ಲಿ ಈಗ ಅವನನ್ನು ಹಳೆಯ ಹೆಸರಿನಿಂದ ಯಾರೂ ಕರೆಯುವಂತಿಲ್ಲ. ಕರೆದರೆ ತಿರುಗುವುದಿಲ್ಲ.

ಗಂಟೆ ಹೊಡೆಯುತ್ತದೆ. ಮಕ್ಕಳು ಚಾಪೆ ಸುತ್ತಿಟ್ಟು ತರಗತಿಗಳಿಗೆ ಓಡುತ್ತಾರೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ, ಏನಾದರೂ ಆಸೆ ಉಂಟೆ ಎಂದು ಕೇಳುತ್ತೇನೆ. ಟೀಚರ್ ಕೋಣೆಗೆ ಬೀಗ ಹಾಕುತ್ತಾ ಹೇಳುತ್ತಾರೆ:

"ಹೊಸದಾಗಿ ಕೆಲಸಕ್ಕೆ ಬರೋ ಹುಡುಗಿಗೆ ಇದು ಮೊದಲನೇ ದಿನವೇ ಗೊತ್ತಿರಲಿ, ನನ್ನ ಹಾಗೆ ಐವತ್ತಕ್ಕಲ್ಲ. ಮತ್ತೆ ನೀವು ಬರೆಯುವಾಗ ತಾಯಿ, ತ್ಯಾಗ ಅಂತೆಲ್ಲ ಹಾಕಬೇಡಿ. ಇಪ್ಪತ್ತೆಂಟು ವರ್ಷ ತಪ್ಪಾಗಿ ಕಲಿಸಿದೆ. ಮೂರು ವರ್ಷದಿಂದ ಸರಿಯಾಗಿ ಕಲಿಸ್ತಾ ಇದ್ದೀನಿ. ಎರಡನ್ನೂ ಬರೀರಿ."